ಬಚ್ಚಲ ಗೋಡೆಯಲ್ಲಿ ನೀವು ಹೂತಿಟ್ಟ ಕೊಳವೆ

ಚಳ್ಳಕೆರೆ,
ಫೆಬ್ರವರಿ 30, 2136

ತಿಪ್ಪೇರುದ್ರಪ್ಪನವರಿಗೆ, ಅವರ ಮೊಮ್ಮಗಳ ಮೊಮ್ಮಗಳು ರುದ್ರಾಣಿ ಮಾಡುವ ನಮಸ್ಕಾರ. ಹಿರಿಯರು ಅನ್ನುವ ಕಾರಣಕ್ಕೆ ನಮಸ್ಕಾರ ಮಾಡಿದ್ದೇನೆ, ಬೇರೆ ಕಾರಣ ಹುಡುಕಬೇಡಿ. ನಮ್ಮ ಕಾಲದ ಕೆಲವು ಮಾತುಗಳು ನಿಮಗೆ ವಿಚಿತ್ರ ಅನ್ನಿಸಬಹುದು. ಅಷ್ಟಕ್ಕೆ ಮಾತ್ರ ಕ್ಷಮೆ ಕೇಳುತ್ತೇನೆ. ಇದರಲ್ಲಿ ಇನ್ನು ಮುಂದೆ ಬರುವ ಬೈಗುಳಕ್ಕೆ ಕೇಳುವುದಿಲ್ಲ.

ತಾರೀಖು ತಪ್ಪಿ ಬರೆದಿಲ್ಲ. ನಮ್ಮಲ್ಲಿ ಫೆಬ್ರವರಿಗೆ ಮೂವತ್ತನೇ ದಿನ ಒಂದಿದೆ, ಅದಕ್ಕೆ ತೊಳೆದಿನ ಅನ್ನುತ್ತೇವೆ. ವರ್ಷಕ್ಕೊಂದು ದಿನ ಊರೆಲ್ಲ ಬೇರೆ ಕೆಲಸಕ್ಕೆ ನೀರು ಮುಟ್ಟದೆ ಕೊಳವೆ ತೊಳೆಯಲೇಬೇಕು ಎಂದಾಗ, ತಮ್ಮ ಕೆಲಸದ ದಿನ ಬಿಟ್ಟುಕೊಡಲು ಯಾರೂ ಒಪ್ಪಲಿಲ್ಲವಂತೆ. ಕೊನೆಗೆ ಪಂಚಾಂಗದವರ ಕೈಕಾಲು ಹಿಡಿದು ಹೊಸ ದಿನವನ್ನೇ ಸೇರಿಸಿಕೊಂಡರು. ಹಿಂದಿನ ಸಂಜೆ ಎಲ್ಲ ಮನೆಯವರೂ ಕೊಳವೆಗೆ ಹುಳಿನೀರು ತುಂಬಿಸಿ ನಲ್ಲಿ ಕಟ್ಟಿಡುತ್ತಾರೆ. ಇಡೀ ಬೀದಿ ಹುಣಸೆ ತೊಕ್ಕಿನ ವಾಸನೆ ಹೊಡೆಯುತ್ತದೆ. ಒಲೆ ಹಚ್ಚುವುದಿಲ್ಲ, ಹಿಂದಿನ ದಿನ ತಟ್ಟಿಟ್ಟ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು, ಇಷ್ಟೇ ಊಟ. ಮಧ್ಯಾಹ್ನ ನಲ್ಲಿಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿ ನೀರು ಬಿಡುತ್ತಾರೆ. ಸುಣ್ಣದ ಹಕ್ಕಳೆ ನಿಂತ ಆ ಬಟ್ಟೆಯನ್ನು ಮುಚ್ಚುಮರೆಯಿಲ್ಲದೆ ಗೇಟಿಗೆ ನೇತುಹಾಕಬೇಕು. ಆಮೇಲೆ ಶುರು ನೋಡಿ ಬೀದಿಯವರ ತಮಾಷೆ. ಎದುರುಮನೆ ಜುಬೇದಾಳ ಬಟ್ಟೆ ನೋಡಿ ನಾನೇ ಒಂದು ಸಲ, ಈ ವರ್ಷ ನಿಮ್ಮ ಮನೆಗೆ ಸುಣ್ಣ ಬಳಿಯೋಕೆ ಬೇರೆ ತರೋದೇ ಬೇಡ ಕಣೇ ಅಂದಿದ್ದೆ. ಅವಳು ಮೂರು ದಿನ ಮಾತು ಬಿಟ್ಟಿದ್ದಳು.

ನಮ್ಮ ಮನೆಗಳು ನಿಮ್ಮ ಕಣ್ಣಿಗೆ ಅಸಹ್ಯವಾಗಿ ಕಾಣಬಹುದು. ಕೊಳವೆಗಳೆಲ್ಲ ಗೋಡೆಯ ಹೊರಗೆ, ಎದುರಿಗೇ ಓಡಾಡುತ್ತವೆ. ಬಿಸಿನೀರಿನದು ಕೆಂಪು, ತಣ್ಣೀರಿನದು ಹಸಿರು. ಪ್ರತಿ ತಿರುವಿನಲ್ಲೂ ಒಂದೊಂದು ಬಾಯಿ. ಅಂದರೆ ಕೈಯಲ್ಲೇ ತಿರುಗಿಸಿ ತೆಗೆಯುವ ಮುಚ್ಚಳ. ಒಳಗೆ ಏನು ಕೂತಿದೆ ಎಂದು ಮಕ್ಕಳೂ ಬಗ್ಗಿ ನೋಡುತ್ತವೆ. ಹಬ್ಬಕ್ಕೆ ಬಾಗಿಲಿಗೆ ಕಟ್ಟಿದ ಹಾಗೆ ಕೊಳವೆಗೂ ಮಾವಿನೆಲೆ ಕಟ್ಟುತ್ತೇವೆ. ಬೋರ್‌ವೆಲ್ಲಿನ ಗಡಸು ನೀರನ್ನು ಮೆತ್ತಗೆ ಮಾಡದೆ ಒಂದು ತೊಟ್ಟೂ ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ. ಮಳೆ ಬಂದರೆ ಮಾಳಿಗೆಯ ನೀರನ್ನು ಬೇರೆ ತೊಟ್ಟಿಯಲ್ಲಿ ಹಿಡಿದು ಅದನ್ನೇ ಮೊದಲು ಖರ್ಚು ಮಾಡುತ್ತೇವೆ. ಇಷ್ಟೆಲ್ಲ ಯಾಕೆ ಎಂದರೆ, ಕೊಳವೆ ಮಾಡುವ ಪ್ಲಾಸ್ಟಿಕ್ಕನ್ನು ನೀವು ಮಂಡಕ್ಕಿ ಎರಚಿದ ಹಾಗೆ ಎರಚಿ ಮುಗಿಸಿದಿರಿ. ಈಗ ಹೆಣ್ಣುಮಕ್ಕಳಿಗೆ ಚೊಚ್ಚಲ ಬಸಿರಿನಲ್ಲಿ ಊರಿನಿಂದ ಒಂದು ಸಾಲು ಕೊಳವೆ ಕೊಡುತ್ತಾರೆ. ಅದಕ್ಕೆ ಕೊಳವೆಪಾಲು ಎಂದು ಹೆಸರು. ಜನ್ಮಕ್ಕೆ ಅದೊಂದೇ. ಯಾವ ಮನೆಗಾದರೂ ಹಾಕಿಸಿಕೊಳ್ಳಬಹುದು, ಆದರೆ ಎರಡನೇ ಸಲ ಕೇಳುವ ಹಾಗಿಲ್ಲ.

ನಮ್ಮಮ್ಮ ತನ್ನ ಪಾಲನ್ನು ಸಂಪಿನಿಂದ ಟ್ಯಾಂಕಿಗೆ ಹಾಕಿಸಿದಳು. ನನ್ನದು ಅಡುಗೆಮನೆಗೆ ಹೋಯಿತು. ಬಚ್ಚಲಿಗೆ ಮಾತ್ರ ಇವತ್ತಿಗೂ ನೀವು ಹಾಕಿಸಿದ ಕೊಳವೆಯೇ, ಇವತ್ತಿಗೂ ಗೋಡೆಯೊಳಗೇ. ಇವತ್ತು ನಮ್ಮ ಗೇಟಿನಲ್ಲಿ ಅಡುಗೆಮನೆಯ ಬಟ್ಟೆ ನೇತಾಡುತ್ತಿದೆ, ಬಚ್ಚಲಿನದು ಇಲ್ಲ. ನಿಮ್ಮ ಕೊಳವೆಯೊಳಗೆ ಹುಳಿನೀರು ನುಗ್ಗುವಷ್ಟೂ ಜಾಗವಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಒಬ್ಬಳೇ ಮಗಳು ಇಂಚರ ತುಂಬಿದ ಬಸುರಿ. ಬಾಣಂತನಕ್ಕೆ ತವರಿಗೆ ಬರುವುದು ನಿಮ್ಮಲ್ಲಿದ್ದ ಹಾಗೆ ನಮ್ಮಲ್ಲೂ ಇದೆ, ಆದರೆ ನಡುವೆ ಒಂದು ಶಾಸ್ತ್ರ ಸೇರಿಕೊಂಡಿದೆ. ಸೀಮಂತ ಆದಮೇಲೆ ಬೀಗರು ತವರಿನ ಬಚ್ಚಲಿಗೆ ಬಂದು ನಲ್ಲಿಯ ಕೆಳಗೆ ತಾಮ್ರದ ಕೊಡ ಇಡುತ್ತಾರೆ. ಗಂಡಿನ ತಾಯಿ ಒಂದು ಸೋಬಾನೆ ಪದ ಹೇಳುತ್ತಾಳೆ. ಪದ ಮುಗಿಯುವಷ್ಟರಲ್ಲಿ ಕೊಡ ತುಂಬಿದರೆ ಬಸುರಿಯನ್ನು ತವರಿಗೆ ಕಳಿಸುತ್ತಾರೆ. ತುಂಬದಿದ್ದರೆ ಇಲ್ಲ. ಒಲೆಯ ಮೇಲೆ ಅಡುಗೆಮನೆ ನೀರು ಕಾಯಿಸಿ ಹೊತ್ತು ಹಾಕಬಹುದಲ್ಲ ಎಂದು ನೀವು ಕೇಳುತ್ತೀರಿ. ಹೊರುವ ಹಾಗಿಲ್ಲ. ಹೆರಿಗೆಯಾದ ಮನೆಯಲ್ಲಿ ಯಾರೂ ನೀರು ಹೊರಬಾರದು ಎಂದು ಊರೇ ಕೂತು ತೀರ್ಮಾನ ಮಾಡಿದೆ. ಯಾಕೆ ಮಾಡಿತು ಎನ್ನುವುದನ್ನೂ ನಿಮ್ಮ ಮುಖಕ್ಕೇ ಹೇಳುತ್ತೇನೆ, ಸ್ವಲ್ಪ ತಡೆಯಿರಿ.

ನಿಮ್ಮ ಗೃಹಪ್ರವೇಶದ ವಿಡಿಯೊ ಇನ್ನೂ ಇದೆ. ನಮ್ಮ ಮನೆಯ ಹೆಂಗಸರು ಅದನ್ನು ಕಾಪಾಡಿಕೊಂಡು ಬಂದಿದ್ದಾರೆ, ಪ್ರೀತಿಗಲ್ಲ. ಅದರಲ್ಲಿ ನೀವು ರೇಷ್ಮೆ ಪಂಚೆ ಉಟ್ಟು ನೆಂಟರನ್ನೆಲ್ಲ ಬಚ್ಚಲಿಗೆ ಕರೆದುಕೊಂಡು ಹೋಗುತ್ತೀರಿ. ಗೋಡೆಯ ಕಲ್ಲಿನ ಮೇಲೆ ಕೈಯಾಡಿಸಿ, ಎಲ್ಲಾದ್ರೂ ಒಂದು ಪೈಪ್ ಕಾಣುತ್ತೇನ್ರೀ, ಹುಡುಕಿ ನೋಡೋಣ ಎನ್ನುತ್ತೀರಿ. ಎಲ್ಲರೂ ಹೌದು ಹೌದು ಎನ್ನುತ್ತಾರೆ. ತಿರುವಿನಲ್ಲಿ ತೆಗೆಯೋಕೆ ಬರೋ ಹಾಗೆ ಬಾಯಿ ಬಿಡೋಣ ಎಂದು ಮೇಸ್ತ್ರಿ ಅಂದಿದ್ದನಂತೆ, ಚೆನ್ನಾಗಿ ಕಾಣಲ್ಲ ಎಂದು ನೀವು ಮುಚ್ಚಿಸಿದಿರಂತೆ. ಅದನ್ನೂ ನಗುನಗುತ್ತಾ ನೀವೇ ಹೇಳುತ್ತೀರಿ. ಅಷ್ಟು ಹೊತ್ತೂ ನಿಮ್ಮ ಸೊಸೆ ಶೈಲಜಾ ಕೂಸನ್ನು ಸೊಂಟದ ಮೇಲೆ ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ. ಮಾವ, ಹಳೇ ಮನೇಲಿ ಗೀಸರಿನ ಕಾಯಿಲ್ ಎಷ್ಟು ಸಲ ಸುಟ್ಟೋಯ್ತು, ಆ ಮಿಷನ್ನು ಇವತ್ತೇ ಹಾಕಿಸಿಬಿಡಿ ಎನ್ನುತ್ತಾಳೆ. ನೀವು ಆ ಕಡೆ ತಿರುಗುವುದೂ ಇಲ್ಲ. ಅವಳ ಸೊಂಟದ ಮೇಲಿನ ಕೂಸು ನನ್ನ ಅಜ್ಜಿ.

ಮಿಷನ್ನು ಅಂದರೆ ನೀರು ಮೆತ್ತಗೆ ಮಾಡುವ ಯಂತ್ರ. ಅದು ಇರಲಿಲ್ಲ ಎಂದಿದ್ದರೆ ನಾನು ಇಷ್ಟು ಉರಿಯುತ್ತಿರಲಿಲ್ಲ. ನೀವು ಅದನ್ನು ತಂದಿದ್ದಿರಿ. ಸಂಪಿನ ಪಕ್ಕ ಕೂರಿಸಿದ್ದೂ ಆಯಿತು. ಒಂದು ವಾರ ಮೆತ್ತನೆ ನೀರಲ್ಲಿ ಮಿಂದು, ಮೈಯೆಲ್ಲ ಲೋಳೆ ಲೋಳೆ, ಎಷ್ಟು ತೊಳೆದ್ರೂ ಸೋಪು ಹೋಗಲ್ಲ ಎಂದು ಮೂಗು ಮುರಿದಿರಿ. ಅಷ್ಟರಲ್ಲಿ ವಾಸ್ತು ನೋಡುವವನೊಬ್ಬ ಬಂದ. ಸಂಪು ಈಶಾನ್ಯದಲ್ಲಿದೆ, ಈ ಯಂತ್ರಕ್ಕೆ ಮೂಟೆಗಟ್ಟಲೆ ಉಪ್ಪು ಸುರಿಯಬೇಕು, ದೇವಮೂಲೆಯಲ್ಲಿ ಉಪ್ಪು ಕರಗಿದರೆ ಮನೆಯ ಲಕ್ಷ್ಮಿಯೂ ಕರಗುತ್ತಾಳೆ ಎಂದು ಹೇಳಿ ಹೋದ. ನಿಮಗೆ ಬೇಕಾಗಿದ್ದೂ ಅದೇ. ಮಾರನೇ ದಿನವೇ ಯಂತ್ರ ಕಳಚಿ ಮೆಟ್ಟಿಲ ಕೆಳಗೆ ಹೋಯಿತು, ಅದರ ಮೇಲೆ ಚಪ್ಪಲಿ ಸ್ಟ್ಯಾಂಡ್ ಬಂತು. ಅಲ್ರೀ, ಉಪ್ಪಿಲ್ಲದೆ ಒಂದು ಹೊತ್ತು ಉಂಡವರಲ್ಲ ನೀವು, ಸಂಪಿನ ಪಕ್ಕ ಉಪ್ಪು ಇಡೋಕೆ ಹೆದರಿದಿರಾ? ಆ ವಾಸ್ತುವಿನವನು ನನ್ನ ಕೈಗೆ ಸಿಕ್ಕಿದ್ದರೆ ಉಗಿದು ಉಪ್ಪಿನಕಾಯಿ ಹಾಕುತ್ತಿದ್ದೆ.

ಸಾಲದ್ದಕ್ಕೆ ಗೀಸರನ್ನು ಪೂರ್ತಿ ಬಿಸಿಗೆ ತಿರುಗಿಸಿಟ್ಟಿರಿ. ಗಡಸು ನೀರು ಕುದ್ದಷ್ಟೂ ಸುಣ್ಣ ಕಕ್ಕುತ್ತದೆ. ಪಾತ್ರೆಯ ತಳ ಬೆಳ್ಳಗಾಗಿದ್ದು, ಬಕೆಟ್ಟಿನ ಅಂಚು ಬೂದಿ ಬಳಿದಂತಾಗಿದ್ದು, ಷವರಿನ ತೂತು ಒಂದೊಂದೇ ಮುಚ್ಚಿದ್ದು ನಿಮ್ಮ ಕಣ್ಣಿಗೂ ಬಿದ್ದಿತ್ತು. ಸೊಸೆ ಸರಿಯಾಗಿ ತಿಕ್ಕಲ್ಲ ಅಂದಿರಿ. ಹಬ್ಬ ಬಂದಾಗ ಆ್ಯಸಿಡ್ ಹಾಕಿ ನಲ್ಲಿಯ ಹೊರಗನ್ನು ತಳತಳ ಹೊಳೆಸಿದಿರಿ. ನೀರು ಸಣ್ಣಗೆ ಬಂದಾಗ ಟ್ಯಾಂಕನ್ನು ಎತ್ತರಿಸಿದಿರಿ. ಇನ್ನೂ ಸಣ್ಣಗಾದಾಗ ಕಾಲವೇ ಕೆಟ್ಟುಹೋಯಿತು ಎಂದು ಬೈದು ನೀವು ತೀರಿಕೊಂಡಿರಿ. ಗೋಡೆ ಉಳಿಯಿತು.

ಅಜ್ಜಿಯ ಬಾಣಂತನ ಈ ಮನೆಯಲ್ಲೇ ಆಯಿತು. ಆ ಹೊತ್ತಿಗೆ ಬಚ್ಚಲಿನ ನಲ್ಲಿ ಮಗು ಉಚ್ಚೆ ಹೊಯ್ದ ಹಾಗೆ ಬರುತ್ತಿತ್ತಂತೆ. ಬಾಣಂತಿಗೆ ಹಂಡೆಗಟ್ಟಲೆ ನೀರು ಬೇಕಲ್ಲ. ನಿಮ್ಮ ಸೊಸೆ ಶೈಲಜಾ, ಆ ವಯಸ್ಸಿನಲ್ಲಿ, ಸಂಪಿನಿಂದ ಸೇದಿ, ಕಾಯಿಸಿ, ದಿನಾ ಹೊತ್ತಳು. ಒಂದು ದಿನ ಒದ್ದೆ ಹೊಸ್ತಿಲಲ್ಲಿ ಕಾಲು ಜಾರಿ ಕೊಡದ ಸಮೇತ ಬಿದ್ದಳು. ಅವಳ ಸೊಂಟ ಮತ್ತೆ ನೆಟ್ಟಗಾಗಲೇ ಇಲ್ಲ. ಸಾಯುವವರೆಗೂ ಗೋಡೆ ಹಿಡಿದು ಓಡಾಡಿದಳು, ಅದೂ ನಿಮ್ಮ ಅದೇ ಗೋಡೆ ಹಿಡಿದು. ಅಂಥ ಹೆಂಗಸರು ಪ್ರತಿ ಬೀದಿಯಲ್ಲೂ ಆದಮೇಲೆ ಊರು ಆ ತೀರ್ಮಾನ ಮಾಡಿತು. ನಾನೂ ಅದಕ್ಕೆ ಕೈ ಎತ್ತಿದವಳು, ಈಗ ಮುರಿಯುವುದಿಲ್ಲ.

ಹೋದ ವಾರ ಬೀಗರು ಇಂಚರಳನ್ನೂ ಕರೆದುಕೊಂಡು ಬಂದರು. ನನ್ನ ಬೀಗಿತಿ ಸಿರಿಗಂಧಮ್ಮ ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಎರಡು ಮಾತು ಬೈದು ಹಗುರಾಗುತ್ತಿದ್ದೆ. ಕೊಡ ಇಟ್ಟು ಪದ ಶುರು ಮಾಡಿದಳು. ನೀರಿನ ಎಳೆ ನೋಡಿ ಅವಳೇ ರಾಗವನ್ನು ಎಳೆದಳು. ಒಂದು ಸಾಲನ್ನು ಎರಡೆರಡು ಸಲ ಹೇಳಿದಳು. ಮರೆತವಳ ಹಾಗೆ ಮೊದಲಿನ ನುಡಿಗೆ ವಾಪಸ್ ಹೋಗಿ ಮತ್ತೆ ಅಲ್ಲಿಂದ ಬಂದಳು. ಜೊತೆಯಲ್ಲಿ ಬಂದವರು ಮುಖ ಮುಖ ನೋಡಿಕೊಂಡರು, ಆದರೂ ಅವಳು ನಿಲ್ಲಿಸಲಿಲ್ಲ, ದನಿ ಒಡೆಯುವ ತನಕ ಹಾಡಿದಳು. ಕೊಡ ಅರ್ಧವೂ ಆಗಲಿಲ್ಲ. ಆಮೇಲೆ ನನ್ನ ಕೈ ಹಿಡಿದು, ನಮ್ಮನೇಲೇ ಆಗಲಿ ಬಿಡ್ರಿ ರುದ್ರಾಣಕ್ಕ, ನಾನೇನು ನಿಮ್ಮ ಮಗಳನ್ನ ಬೇರೆ ಅಂತ ನೋಡ್ತೀನಾ ಅಂದಳು. ನಾನು ತಲೆ ತಗ್ಗಿಸಿ ಎಲೆ ಅಡಿಕೆ ಕೊಟ್ಟೆ. ಆ ಹೊತ್ತೆಲ್ಲ ಮನಸ್ಸಿನಲ್ಲಿ ನಿಮ್ಮನ್ನೇ ಬೈಯುತ್ತಿದ್ದೆ.

ಇಂಚರ ಹೊರಡುವ ಮುಂಚೆ ನನ್ನನ್ನು ಒಳಗೆ ಕರೆದಳು. ಅಮ್ಮಾ, ನನ್ನ ಪಾಲು ಬಂದಿದೆ, ಇದನ್ನೇ ನಮ್ಮ ಬಚ್ಚಲಿಗೆ ಹಾಕಿಸು, ಕೊಡ ತುಂಬುತ್ತೆ, ನಾನು ಇಲ್ಲೇ ಇರ್ತೀನಿ ಅಂದಳು. ಅವಳೂ ಅಳಿಯನೂ ಸೇರಿ ಎರಡು ಕೋಣೆಯ ಮನೆ ಕಟ್ಟುತ್ತಿದ್ದಾರೆ. ಆ ಪಾಲು ಇರುವುದು ಆ ಮನೆಗೆ. ಅದನ್ನು ನಾನು ತೆಗೆದುಕೊಂಡರೆ ಹುಟ್ಟುವ ಕೂಸು ನಲ್ಲಿಯಿಲ್ಲದ ಮನೆಯಲ್ಲಿ ಬೆಳೆಯಬೇಕು, ನನ್ನ ಮಗಳು ವರ್ಷಗಟ್ಟಲೆ ಕೊಡ ಹೊರಬೇಕು. ಆಸೆ ಆಗಲಿಲ್ಲ ಎಂದು ಸುಳ್ಳು ಹೇಳಲಾರೆ. ಒಬ್ಬಳೇ ಮಗಳು, ಚೊಚ್ಚಲ ಬಾಣಂತನ. ಅವಳ ತಲೆಗೆ ನಾನೇ ಎಣ್ಣೆ ಒತ್ತಬೇಕು, ನಾನೇ ನೀರು ಹೊಯ್ಯಬೇಕು, ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎರೆಯಬೇಕು ಎಂದು ಅವಳು ಹುಟ್ಟಿದಾಗಿನಿಂದ ಕಾದವಳು ನಾನು. ಬೇಡ ಅಂದೆ. ಅವಳು ಅತ್ತಳು, ನನಗೆ ಸಿಟ್ಟು ಬಂದು ಗದರಿಸಿಬಿಟ್ಟೆ. ಅಳುತ್ತಲೇ ಹೋದಳು. ನನ್ನ ಸಿಟ್ಟು ಅವಳ ಮೇಲಿನದ್ದಲ್ಲ, ಅದು ನಿಮಗೆ ತಲುಪಬೇಕಾದದ್ದು.

ಆದ್ದರಿಂದ ಕೇಳಿ. ಈ ಕಾಗದ ನಿಮ್ಮ ಕೈ ಸೇರುವ ಹೊತ್ತಿಗೆ ಗೃಹಪ್ರವೇಶದ ತೋರಣವನ್ನು ಇನ್ನೂ ಬಿಚ್ಚಿರುವುದಿಲ್ಲ ಎಂದುಕೊಂಡಿದ್ದೇನೆ. ಎದ್ದು ಹೋಗಿ ಮೆಟ್ಟಿಲ ಕೆಳಗಿನ ಚಪ್ಪಲಿಗಳನ್ನು ತೆಗೆಯಿರಿ. ಯಂತ್ರವನ್ನು ಸಂಪಿನ ಪಕ್ಕ ಕೂರಿಸಿ, ಹೇಳಿದಷ್ಟು ಉಪ್ಪು ಹಾಕಿ. ಮೈ ಲೋಳೆ ಅನ್ನಿಸಿದರೆ ಸೋಪು ಕಮ್ಮಿ ಹಚ್ಚಿ, ಅಷ್ಟು ಸಾಕು. ಕುಡಿಯುವ ನೀರಿಗೆ ಬೇರೆ ನಲ್ಲಿ ಇಟ್ಟುಕೊಳ್ಳಿ. ಗೀಸರನ್ನು ಅರ್ಧಕ್ಕೆ ಇಳಿಸಿ, ನಿಮ್ಮ ಚರ್ಮವೇನು ಎಮ್ಮೆಯದಲ್ಲ. ಆ ಮೇಸ್ತ್ರಿಯನ್ನು ವಾಪಸ್ ಕರೆಸಿ, ಕಲ್ಲು ಬಿಚ್ಚಿಸಿ, ತಿರುವಿಗೊಂದು ಬಾಯಿ ಇಡಿಸಿ, ವರ್ಷಕ್ಕೊಂದು ಸಲ ತೊಳೆಸಿ. ನೋಡಿದವರು ಚೆನ್ನಾಗಿಲ್ಲ ಎನ್ನುತ್ತಾರೆ. ಅನ್ನಲಿ ಬಿಡಿ, ಅವರಲ್ಲಿ ಒಬ್ಬರೂ ನಿಮ್ಮ ಸೊಸೆಯ ಕೊಡ ಹೊರಲು ಬರುವುದಿಲ್ಲ.

ನೀವು ಮಾಡುವುದಿಲ್ಲ, ನನಗೆ ಗೊತ್ತು. ಮಾಡಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ. ಆದರೂ ಬರೆದೆ, ಗೊತ್ತಿರಲಿಲ್ಲ ಅಂತ ನೀವು ಹೇಳಬಾರದು ಅನ್ನುವ ಹಟಕ್ಕೆ. ಮುಂದಿನ ತಿಂಗಳು ನನ್ನ ಮಗಳು ಬೀಗರ ಮನೆಯಲ್ಲಿ ಹೆರುತ್ತಾಳೆ. ನಾನು ನೆಂಟರ ಹಾಗೆ ಹೋಗುತ್ತೇನೆ. ಸಿರಿಗಂಧಮ್ಮ ಕೂಸಿಗೆ ಎರೆಯುವಾಗ ಪಕ್ಕದಲ್ಲಿ ಟವೆಲ್ ಹಿಡಿದು ನಿಂತಿರುತ್ತೇನೆ.

ರುದ್ರಾಣಿ