ಎರಡು ತಟ್ಟೆಗಳ ನಡುವೆ

ಫೆಬ್ರವರಿ 7, ಶನಿವಾರ

ಮೂರು ಪ್ಯಾಂಟಿನ ಅಂಚು ಮಡಿಚಿ ಹೊಲಿದಾಯಿತು. ಒಂದು ಜಿಪ್ ಬಾಕಿ. ಮಗಳು ಬುಗುರಿಯನ್ನು ಊಟಕ್ಕೆ ನಾಲ್ಕು ಸಲ ಕರೆದೆ — ಗೋಡೆಯನ್ನು ಕರೆದ ಹಾಗೆ. ಐದನೆಯದಕ್ಕೆ ಬೆನ್ನಿಗೊಂದು ಬಿತ್ತು. ಆರು ವರ್ಷಕ್ಕೇ ಇಷ್ಟು ಹಟ.

ಇವರು ಬಸ್ ಡ್ಯೂಟಿ ಮುಗಿಸಿ ಬಂದವರೇ, "ಹೊಡೀಬೇಡ್ವೇ. ನಾಳೆ ಮಕ್ಕಳ ಮ್ಯೂಸಿಯಮ್ಮಿಗೆ ಕರ್ಕೊಂಡು ಹೋಗೋಣ. ಅಲ್ಲಿ ಎಲ್ಲಾ ಮುಟ್ಟಬಹುದಂತೆ" ಅಂದರು.

ಫೆಬ್ರವರಿ 8, ಭಾನುವಾರ, ಸಂಜೆ 6

ಮ್ಯೂಸಿಯಮ್ಮಿನಿಂದ ಬಂದವಳೇ ಬರೆಯಲು ಕೂತೆ.

ಮೊದಲೆಲ್ಲ ಚೆನ್ನಾಗಿತ್ತು. ಬುಗುರಿ ನೀರಿನ ಕಾಲುವೆಗೆ ಅಣೆಕಟ್ಟು ಕಟ್ಟಿದಳು, ಮೊಣಕೈವರೆಗೂ ಒದ್ದೆ. ದೊಡ್ಡ ಗೇರ್ ತಿರುಗಿಸಿದಳು. ಆಮೇಲೆ ಆ ತಟ್ಟೆಗಳು... ದೊಡ್ಡ ಕೋಣೆಯ ಆ ತುದಿಗೊಂದು, ಈ ತುದಿಗೊಂದು, ಆಳೆತ್ತರ. ಒಂದರ ಮುಂದೆ ಪಿಸುಗುಟ್ಟಿದರೆ ಇನ್ನೊಂದರ ಮುಂದೆ ಕೂತವರಿಗೆ ಕೇಳಿಸುತ್ತದೆ.

ಇವರು ಆ ಕಡೆಯಿಂದ, "ಬುಗುರೀ, ಐಸ್‌ಕ್ರೀಮ್ ಬೇಕಾ?"

ಈ ತಟ್ಟೆಯ ಮುಂದೆ ಅವಳ ಪಕ್ಕದಲ್ಲಿ ಬಾಗಿದ್ದ ನನಗೂ ಸ್ಪಷ್ಟವಾಗಿ ಕೇಳಿಸಿತು. ಅವಳು ಕಾಲು ಆಡಿಸುತ್ತಾ ಕೂತೇ ಇದ್ದಳು. ಐಸ್‌ಕ್ರೀಮಿಗೆ ಜೀವ ಬಿಡುವವಳು.

ಗೈಡ್ ಹುಡುಗಿ ಬಂದು ಅವಳ ಬೆನ್ನ ಹಿಂದೆ ಮೆಲ್ಲಗೆ ಚಪ್ಪಾಳೆ ತಟ್ಟಿದಳು. ಎಡಕ್ಕೆ. ಬಲಕ್ಕೆ. ಕೊನೆಗೆ ಜೋರಾಗಿ. ಆ ಜೋರಿಗೆ ಮಾತ್ರ ತಿರುಗಿದಳು.

"ಅಕ್ಕಾ, ನಾನು ಡಾಕ್ಟರಲ್ಲ... ಆದ್ರೂ ಒಂದ್ಸಲ ಕಿವಿ ತೋರಿಸಿಬಿಡಿ."

ಇವರಿಗೆ ಸಿಟ್ಟು ನೆತ್ತಿಗೇರಿತು. "ನನ್ನ ಮಗಳಿಗೆ ಏನಾಗಿದೆ? ಆಟದಲ್ಲಿ ಮೈಮರ್ತಿದಾಳೆ, ಅಷ್ಟೆ!"

ಜನ ತಿರುಗಿ ನೋಡಿದರು. ಬುಗುರಿ ಅಪ್ಪನ ತುಟಿಯನ್ನೇ ನೋಡುತ್ತಿದ್ದಳು. ಯಾವಾಗಲೂ ಹಾಗೇ ನೋಡುತ್ತಾಳೆ. ಗಮನ ಕೊಟ್ಟು ಕೇಳುತ್ತಾಳೆ ಅಂದುಕೊಂಡಿದ್ದೆ ನಾನು.

ಫೆಬ್ರವರಿ 9, ಸೋಮವಾರ

ಇವರು ನಿನ್ನೆಯಿಂದ ಮಾತು ಬಿಟ್ಟಿದ್ದಾರೆ.

ಅವಳು ಬಣ್ಣ ಹಚ್ಚುತ್ತಿದ್ದಳು. ಹಿಂದೆ ನಿಂತು ಕರೆದೆ. ಇಲ್ಲ. ಎರಡು ಹೆಜ್ಜೆ ಹತ್ತಿರ ಹೋದೆ. ಇಲ್ಲ. ಅವಳ ಜಡೆ ಕೈಗೆ ಸಿಗುವಷ್ಟು ಹತ್ತಿರ... ಇಲ್ಲ.

ಬಾಗಿಲ ಹತ್ತಿರ ಇವರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ಅಪಾಯಿಂಟ್‌ಮೆಂಟ್ ತಗೋ" ಅಂದರು.

ಫೆಬ್ರವರಿ 20, ಶುಕ್ರವಾರ

ಗಾಜಿನ ಕೋಣೆಯಲ್ಲಿ ಅವಳು, ತಲೆಗಿಂತ ದೊಡ್ಡ ಹೆಡ್‌ಫೋನ್. ಸದ್ದು ಕೇಳಿಸಿದರೆ ಡಬ್ಬಿಗೊಂದು ಮಣಿ ಹಾಕಬೇಕು. ಡಬ್ಬಿ ಖಾಲಿ. ಇನ್ನೂ ಖಾಲಿ. ಇವರ ಉಗುರು ನನ್ನ ಅಂಗೈಗೆ ನಾಟಿತ್ತು. ಆಮೇಲೆ ಒಂದು ಮಣಿ. ಬಹಳ ಹೊತ್ತಿಗೆ ಇನ್ನೊಂದು.

ಡಾಕ್ಟರಮ್ಮ ಸುತ್ತಿ ಬಳಸಿ ಮಾತಾಡಲಿಲ್ಲ. "ಎರಡೂ ಕಿವಿ ಮಂದ. ನಿಧಾನವಾಗಿ ಆಗಿರೋದು. ಮಷೀನ್ ಹಾಕಿದ್ರೆ ಚೆನ್ನಾಗಿ ಕೇಳ್ಸುತ್ತೆ. ಜಾಣೆ ಕಣ್ರೀ, ತುಟಿ ನೋಡ್ಕೊಂಡೇ ಇಷ್ಟು ದಿನ ನಿಭಾಯಿಸಿದಾಳೆ."

"ಹಟ ಅಂತ ಹೊಡ್ದಿದೀನಿ" ಅಂದೆ.

ಆಕೆ ತಲೆ ಎತ್ತಲಿಲ್ಲ. ಬರೆಯುತ್ತಾ ಇದ್ದರು.

ಮಾರ್ಚ್ 17, ಮಂಗಳವಾರ

ನಿನ್ನೆ ಮಷೀನ್ ಬಂತು. ನಲ್ಲಿ ತಿರುಗಿಸುತ್ತಾಳೆ, ನಿಲ್ಲಿಸುತ್ತಾಳೆ, ಮತ್ತೆ ತಿರುಗಿಸುತ್ತಾಳೆ. ಇವರು ಬಚ್ಚಲಿಗೆ ಹೋಗಿ ಅತ್ತು ಬಂದರು. ಸೋಪು ಕಣ್ಣಿಗೆ ಬಿತ್ತಂತೆ.

ಇವತ್ತು ಬೆಳಿಗ್ಗೆ ಸ್ಕೂಲಿಗೆ ಅವಸರ. ಒಂದು ಶೂ ನಾಪತ್ತೆ. ಎಂದಿನಂತೆ ಕೂಗಿದೆ — "ಬೇಗ ಬಾರೇ! ಹೊತ್ತಾಯ್ತು!"

ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡಳು. ನನ್ನನ್ನೇ ನೋಡಿದಳು.

"ಅಮ್ಮಾ... ನೀನು ಯಾವಾಗ್ಲೂ ಇಷ್ಟು ಜೋರಾ?"

ಇಲ್ಲ ಕಂದಾ, ಅಂದುಬಿಟ್ಟೆ. ಸುಳ್ಳು. ಇಡೀ ದಿನ ಒಂದು ಹೊಲಿಗೆಯೂ ನೆಟ್ಟಗೆ ಬರಲಿಲ್ಲ. ಈಗ ಬಂದು ಶೂ ಬಿಚ್ಚುತ್ತಿದ್ದಾಳೆ. ಹೋಗಿ ನಿಜ ಹೇಳಬೇಕು. ಮೊದಲು ಅವಳ ಮುಂದೆ ಕೂತು, ಮೆಲ್ಲಗೆ—