ವಾಹನಕ್ಕೆ ಕಟ್ಟಿದ ಹುಲ್ಲು

ಮಳೆಮೋಡದಲ್ಲಿ ನೆಲೆಸಿದ ಎಂಕಾಯ್ ದೇವರಿಗೆ ಶರಣು.
ಅಂಬೋಸೆಲಿ, ಮೊದಲ ಮಳೆಯ ತಿಂಗಳ ಹುಣ್ಣಿಮೆ.

ಮಗಳು ನಾಸಿಯೆಕುವಿಗೆ ತಂದೆಯ ಆಶೀರ್ವಾದ.

ನಿನ್ನ ಗಂಡನನ್ನು ಆನೆ ತುಳಿದು ಕೊಂದ ಬಯಲಿನಲ್ಲೇ ಇಂದು ನಿನ್ನ ಮಗಳು ರೆಸಿಯಾಟೊ ಮೊದಲ ಸಲ ಪ್ರವಾಸಿಗರಿಗೆ ಮಾರ್ಗದರ್ಶಿಯಾದಳು. ಈ ಕೆಲಸ ಹಿಡಿದಳೆಂದು ಅವಳೊಡನೆ ಮಾತು ಬಿಟ್ಟಿದ್ದರೂ ನೀನು ರಕ್ಷೆಯೆಂದು ಅವಳ ವಾಹನಕ್ಕೆ ಹಸಿರು ಹುಲ್ಲು ಕಟ್ಟಿದ್ದೆಯಲ್ಲ. ಬತ್ತಿದ ಪುರಾತನ ಸರೋವರದ ಅಂಚಿನಲ್ಲಿ ಹೆಣ್ಣಾನೆಯೊಂದು ಮರಿಯೊಡನೆ ದಾರಿಗೆ ಅಡ್ಡವಾಯಿತು. ಇವಳು ಎಂಜಿನ್ ಆರಿಸಿ, ಎಲ್ಲರಿಗೂ ಸುಮ್ಮನಿರಲು ಸನ್ನೆ ಮಾಡಿ, ಅಲುಗದೆ ಕುಳಿತಳು. ಮರಿ ಸೊಂಡಿಲು ಚಾಚಿ ಆ ಹುಲ್ಲನ್ನು ಕಿತ್ತು ತಿಂದಿತು. ತಾಯಿ ಅದನ್ನು ದಬ್ಬಿಕೊಂಡು ಶಾಂತವಾಗಿ ಹೊರಟುಹೋಯಿತು.

"ಅಜ್ಜಾ, ಮರಿ ಹುಲ್ಲು ನುಂಗ್ಬಿಡ್ತು! ಇನ್ನು ಅವ್ವ ನನ್ನ ನುಂಗ್ತಾಳೆ!" ಎಂದಳು ಸಂಜೆ ನನ್ನ ಬಳಿಗೆ ಬಂದು.

"ಬೈಲಿ ಬಿಡೇ, ಬೈಯೋಕಾದ್ರೂ ಬಾಯಿ ಬಿಡ್ತಾಳೆ," ಎಂದೆ.

ಈ ಪತ್ರವನ್ನು ಅವಳೇ ತರುತ್ತಿದ್ದಾಳೆ. ನಾಳೆಗೆ ಹೊಸ ಹುಲ್ಲು ಬೇಕು. ಈ ಸಲ ಅವಳ ಕೈಗೇ ಕೊಡು.

ನಿಮ್ಮಿಬ್ಬರಿಗೂ, ಆ ಆನೆತಾಯಿಗೂ, ಮರಿಗೂ ಎಂಕಾಯ್ ಹಸಿರನ್ನು ಕರುಣಿಸಲಿ.

ನಿನ್ನ ತಂದೆ,
ಕೊಯಾಕಿ