ಎದೆಯ ಮೇಲಿನ ಮಚ್ಚೆಗಳು

ಬುಧವಾರ, ಮಧ್ಯಾಹ್ನ
ಹೃದ್ರೋಗ ವಾರ್ಡು, ಕಿಟಕಿ ಪಕ್ಕದ ಮಂಚ

ಕನ್ನಡಕದಂಗಡಿಯ ಯಜಮಾನರಿಗೆ, ಮಲಗಿದಲ್ಲಿಂದಲೇ ನಮಸ್ಕಾರ.

ನೀವು ಫೋನ್ ಮಾಡಿದ್ದಿರೆಂದು ನರ್ಸಮ್ಮ ಹೇಳಿದರು. ನಾನು ಹೇಗಿದ್ದೇನೆ ಎಂದು ಕೇಳಲಿಲ್ಲವಂತೆ. ವಾರ್ಡಿನಲ್ಲಿ ನಮ್ಮ ಪರಿಚಯದವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿದಿರಂತೆ. ನಿಮ್ಮ ಮರ್ಯಾದೆ ಉಳಿದರೆ ಸಾಕು. ಹೋಗುವುದು ನನ್ನ ಪ್ರಾಣ ತಾನೇ, ನಿಮ್ಮ ಗಂಟೇನು ಹೋಗಬೇಕು!

ಕಾಲೇಜಿನಲ್ಲಿದ್ದಾಗ ನನ್ನ ಎದೆಯೊಳಗೆ ಕ್ಯಾನ್ಸರ್ ಗಡ್ಡೆಯಾಗಿತ್ತು, ವಿಕಿರಣ ಕೊಟ್ಟು ವಾಸಿಮಾಡಿದರು. ಇದನ್ನು ನಿಮಗೆ ಹೇಳಿಯೇ ಮದುವೆಯಾದೆ. ನೀವು ದೊಡ್ಡ ಮನಸ್ಸಿನವರಂತೆ ತಲೆಯಾಡಿಸಿ, ಇನ್ನು ಯಾರ ಮುಂದೆಯೂ ಬಾಯಿ ಬಿಡಬೇಡ, ಅಮ್ಮನಿಗಂತೂ ಗೊತ್ತಾಗಲೇಬಾರದು ಎಂದಿರಿ. ವಿಕಿರಣದ ಗುರಿ ತಪ್ಪದಿರಲೆಂದು ಎದೆಯ ಮೇಲೆ ಹಾಕಿದ್ದ ಹಚ್ಚೆಯ ಚುಕ್ಕೆಗಳಿಗೆ ಹುಟ್ಟುಮಚ್ಚೆ ಎಂದು ನಾಮಕರಣ ಮಾಡಿದವರೂ ನೀವೇ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜುಗಳ ಅಂಚಿಗೆ ಸಾಣೆ ಹಿಡಿಯುತ್ತ ನಾನು ಏದುಸಿರು ಬಿಟ್ಟರೆ ಸೋಮಾರಿತನವೆಂದಿರಿ. ಫ್ರೇಮಿನ ಡಬ್ಬಿ ಹೊತ್ತವಳು ಅಟ್ಟದ ಮೆಟ್ಟಿಲ ಮೇಲೆ ಕೂತುಬಿಟ್ಟರೆ ಗ್ಯಾಸ್ ಎಂದಿರಿ. ಊರವರ ಕಣ್ಣನ್ನೆಲ್ಲ ಪರೀಕ್ಷಿಸುವ ನಿಮಗೆ ಹೆಂಡತಿಯ ಊದಿದ ಕಾಲು ಮಾತ್ರ ಕಾಣಲಿಲ್ಲ. ಕೊನೆಗೊಮ್ಮೆ ಆಸ್ಪತ್ರೆಗೆ ಕರೆದೊಯ್ದಿರಿ; ಅಲ್ಲಿ ಡಾಕ್ಟರು ಆ ಚುಕ್ಕೆಗಳತ್ತ ಬೆರಳು ತೋರಿಸಿದಾಗ ನಾನು ತುಟಿ ತೆರೆಯುವ ಮೊದಲೇ, "ಹುಟ್ಟುಮಚ್ಚೆ ಸಾರ್, ಇವಳಿಗೆ ಹಿಂದೆ ಯಾವ ಕಾಯಿಲೇನೂ ಇರ್ಲಿಲ್ಲ" ಎಂದುಬಿಟ್ಟಿರಿ. ಅವರು ಗ್ಯಾಸಿಗೆ ಮಾತ್ರೆ ಬರೆದರು. ಎರಡು ವರ್ಷ ಅದನ್ನೇ ನುಂಗಿದೆ.

ಮೊನ್ನೆ ನೀವು ಸ್ಕೂಟರ್ ನಿಲ್ಲಿಸಲು ಜಾಗ ಹುಡುಕುತ್ತಿದ್ದಾಗ ಹೊಸ ಡಾಕ್ಟರಮ್ಮ ನನ್ನೊಬ್ಬಳನ್ನೇ ಒಳಗೆ ಕರೆದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಪರೀಕ್ಷೆಗಳಾದವು. ಅಂದಿನ ವಿಕಿರಣ ಗಡ್ಡೆಯ ಜೊತೆಗೆ ಹೃದಯಕ್ಕೂ ತಾಗಿತ್ತಂತೆ. ಇಷ್ಟು ವರ್ಷಗಳಲ್ಲಿ ಒಂದು ಕವಾಟ ಸುಣ್ಣಗಟ್ಟಿ ಬಿಗಿದಿದೆ, ರಕ್ತನಾಳಗಳು ಕಿರಿದಾಗಿವೆ. ಮೊದಲೇ ತಿಳಿದಿದ್ದರೆ ಕಣ್ಣಿಟ್ಟು ನೋಡಿಕೊಳ್ಳಬಹುದಿತ್ತು ಎಂದರು. ನಾಳೆ ಎದೆ ತೆರೆಯುತ್ತಾರೆ. ವಿಕಿರಣ ತಿಂದ ಎದೆಯಲ್ಲಿ ಆಪರೇಷನ್ ಕಷ್ಟವಂತೆ, ಬದುಕುವ ಭರವಸೆಯನ್ನು ಯಾರೂ ಕೊಟ್ಟಿಲ್ಲ. ನನಗೆ ಭಯವಾಗುತ್ತಿದೆ. ಆದರೂ ಪಕ್ಕದಲ್ಲಿ ನೀವು ಕೂರುವುದು ಬೇಡ. ಕಣ್ಣು ಬಿಟ್ಟ ಕೂಡಲೇ ಆ ಮುಖ ನೋಡುವಷ್ಟು ಶಕ್ತಿ ನನ್ನ ಹೃದಯಕ್ಕಿಲ್ಲ.

ಬದುಕಿದರೆ ತಂಗಿಯ ಮನೆಗೆ ಹೋಗುತ್ತೇನೆ. ಸಾಣೆಗೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ.

ಇಂತಿ,
ಸದ್ಯಕ್ಕೆ ನಿಮ್ಮ ಹೆಂಡತಿ

ಮರೆತಿದ್ದೆ: ನಿಮ್ಮ ಅಮ್ಮ ಬೆಳಿಗ್ಗೆಯೇ ಬಂದು ಮಂಚದ ಪಕ್ಕ ಕೂತಿದ್ದಾರೆ. ಎಲ್ಲವನ್ನೂ ಹೇಳಿಬಿಟ್ಟೆ. ಅವರಿಗೆ ಮದುವೆಯಾದ ವರ್ಷವೇ ಗೊತ್ತಾಗಿತ್ತಂತೆ. ಗುಟ್ಟು ಕಾಯುತ್ತಿದ್ದೇನೆಂದು ಮಗ ಒಳಗೊಳಗೇ ಹಿಗ್ಗುತ್ತಿದ್ದಾನೆ, ಹಿಗ್ಗಲಿ ಎಂದು ಸುಮ್ಮನಿದ್ದರಂತೆ. ಆಮೇಲೆ ನನ್ನ ಕೈ ಹಿಡಿದುಕೊಂಡು, "ಡಾಕ್ಟರ ಹತ್ರಾನೂ ಮುಚ್ಚಿಡ್ತಾನೆ ಅಂತ ನಾನು ಅಂದ್ಕೊಂಡಿರ್ಲಿಲ್ಲ ಕಣೇ" ಎಂದರು.